ಎಚ್‌ಡಿಆರ್ ವಿಡಿಯೊ ಟಿವಿಯಲ್ಲಿ ಹಸಿರು-ನೇರಳೆ ಕಾಣುತ್ತಿದೆ, ಎಂಕೆವಿ ಮಾಡಿದರೂ ಸರಿಹೋಗುತ್ತಿಲ್ಲ. ಏನು ಮಾಡಲಿ?

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಮೂರು ಫೈಲ್‌ಗಳಿವೆ, ಮೂರಕ್ಕೂ ಕಾರಣ ಬೇರೆ ಬೇರೆ. ನನಗೆ ಅರ್ಥವಾಗಿದ್ದು ಇಷ್ಟು: ಟಿವಿ ಸ್ಯಾಮ್‌ಸಂಗ್ 4ಕೆ. ಅದಕ್ಕೆ ಫೈರ್ ಟಿವಿ ಸ್ಟಿಕ್ 4ಕೆ ಹಾಕಿದ್ದೀರಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಜೆಲ್ಲಿಫಿನ್ ಸರ್ವರ್ (ಮನೆಯ ವಿಡಿಯೊಗಳನ್ನು ಟಿವಿಗೆ ಕಳಿಸುವ ಸಾಫ್ಟ್‌ವೇರ್) ಇದೆ. ಡಾಲ್ಬಿ ವಿಷನ್ (ಡಾಲ್ಬಿ ಕಂಪನಿಯ ಎಚ್‌ಡಿಆರ್ ಬಗೆ) ಡೆಮೊ ಕ್ಲಿಪ್ ಒಂದು ಪೂರ್ತಿ ಹಸಿರು-ನೇರಳೆಯಾಗಿ ಬರುತ್ತಿದೆ. ನೀವು ಕೊಂಡ 4ಕೆ ಬ್ಲೂ-ರೇ ಡಿಸ್ಕ್‌ನಿಂದ ಮಾಡಿಕೊಂಡ ಕಾಪಿ ಕೆಲವೊಮ್ಮೆ ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ, ಪೆನ್‌ಡ್ರೈವ್‌ನಿಂದ ಹಾಕಿದರೆ ಧ್ವನಿಯೇ ಇಲ್ಲ. ತಂಗಿ ಮದುವೆಯ ಐಫೋನ್ ವಿಡಿಯೊವನ್ನು ಎಂಕೆವಿ ಮಾಡಿ, ಅದರಿಂದ ಎಂಪಿ4 ಮಾಡಿದ ಮೇಲೆ ಅವರ ಐಪ್ಯಾಡ್‌ನಲ್ಲಿ ತೆರೆಯುತ್ತಿಲ್ಲ. ಆದರೆ ಓಟಿಟಿ ಆ್ಯಪ್‌ಗಳಲ್ಲಿ ಎಚ್‌ಡಿಆರ್, ಅಂದರೆ ಬೆಳಕು-ಬಣ್ಣದ ವ್ಯಾಪ್ತಿ ಹೆಚ್ಚಿರುವ ವಿಡಿಯೊ, ಚೆನ್ನಾಗಿಯೇ ಬರುತ್ತಿದೆ.

ಎಂಕೆವಿ, ಎಂಪಿ4, ಎಂಒವಿ ಇವೆಲ್ಲ ಬರೀ ಡಬ್ಬಿಗಳು, ಅಂದರೆ ಕಂಟೇನರ್‌ಗಳು. ಡಬ್ಬಿ ಬದಲಿಸಿದರೆ ಒಳಗಿನ ತಿಂಡಿ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಬಣ್ಣ ಕೆಟ್ಟಿದ್ದಾಗ ಎಂಕೆವಿ ಮಾಡಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಬಣ್ಣ ತಪ್ಪಾಗಿದ್ದರೆ ಒಳಗಿನ ವಿಡಿಯೊ ಯಾವ ಬಗೆಯದು, ಅದನ್ನು ಯಾರು ಬಿಡಿಸುತ್ತಿದ್ದಾರೆ ಅಂತ ನೋಡಬೇಕು. ಫೈಲ್ ತೆರೆಯದೇ ಇದ್ದರೆ, ಧ್ವನಿ ಇಲ್ಲದಿದ್ದರೆ ಆಗ ಕಂಟೇನರ್ ಮತ್ತು ಆಡಿಯೊ ಕಡೆ ತಿರುಗಬೇಕು.

ಇದಕ್ಕೆ ಮೊದಲು ಬೇಕಾಗಿರುವುದು ಮೀಡಿಯಾಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್. ಫೈಲನ್ನು ಅದರಲ್ಲಿ ತೆರೆದು, ಟೆಕ್ಸ್ಟ್ ವ್ಯೂ ಹಾಕಿ, ವಿಡಿಯೊ ಭಾಗದಲ್ಲಿ ಎಚ್‌ಡಿಆರ್ ಫಾರ್ಮ್ಯಾಟ್ ಅನ್ನುವ ಸಾಲು ಹುಡುಕಿ. ಡಾಲ್ಬಿ ವಿಷನ್ ಆಗಿದ್ದರೆ ಅಲ್ಲಿ ಡಿವಿಎಚ್‌ಇ.05.06 ಅಥವಾ ಡಿವಿಎಚ್‌ಇ.08.06 ಈ ರೀತಿ ಒಂದು ಗುರುತು ಇರುತ್ತದೆ. ಮೊದಲ ಸಂಖ್ಯೆ ಪ್ರೊಫೈಲ್, ಅಂದರೆ ಡಾಲ್ಬಿ ವಿಷನ್‌ನಲ್ಲಿ ಯಾವ ಬಗೆ ಅನ್ನುವುದು. ಎರಡನೆಯದು ಲೆವೆಲ್, ಅಂದರೆ ರೆಸಲ್ಯೂಷನ್ ಮತ್ತು ಫ್ರೇಮ್ ವೇಗದ ಮಿತಿ. 06 ಅಂದರೆ 4ಕೆ 24 ಫ್ರೇಮ್, 09 ಅಂದರೆ 4ಕೆ 60 ಫ್ರೇಮ್. ನಿಮ್ಮ ತೊಂದರೆಗೆ ಮುಖ್ಯವಾದದ್ದು ಮೊದಲ ಸಂಖ್ಯೆ. ಫೈಲಿನ ಹೆಸರಲ್ಲಿ ಯಾರೋ ಎಚ್‌ಡಿಆರ್ ಅಂತ ಬರೆದಿದ್ದನ್ನು ನಂಬಬೇಡಿ. ಈ ಒಂದು ಸಾಲನ್ನು ನಂಬಿ.

ಈಗ ಹಸಿರು-ನೇರಳೆ ಕ್ಲಿಪ್. ಅದರಲ್ಲಿ 05 ಇರುತ್ತದೆ ಅಂತ ನೋಡದೆಯೇ ಹೇಳಬಲ್ಲೆ. ಈ ಬಣ್ಣದ ಜೋಡಿ ಪ್ರೊಫೈಲ್ 5ರ ಸಹಿ ಇದ್ದ ಹಾಗೆ. ಸಾಮಾನ್ಯ ವಿಡಿಯೊ, ಎಚ್‌ಡಿಆರ್10 (ಎಚ್‌ಡಿಆರ್‌ನ ಮೂಲ ಬಗೆ) ಕೂಡ, ವೈಸಿಬಿಸಿಆರ್ ಅನ್ನುವ ಕ್ರಮದಲ್ಲಿ ಬಣ್ಣವನ್ನು ತುಂಬಿಸಿಟ್ಟಿರುತ್ತದೆ. ಪ್ರೊಫೈಲ್ 5 ಅದನ್ನು ಬಿಟ್ಟು ಡಾಲ್ಬಿಯದೇ ಆದ ಐಪಿಟಿ ಎಂಬ ಬೇರೆ ಕ್ರಮ ಬಳಸುತ್ತದೆ. ಡಾಲ್ಬಿ ವಿಷನ್ ಗೊತ್ತಿಲ್ಲದ ಪ್ಲೇಯರ್ ಅದನ್ನು ಮಾಮೂಲಿ ವಿಡಿಯೊ ಅಂದುಕೊಂಡು ಬಿಡಿಸುತ್ತದೆ. ಎರಡೂ ಕ್ರಮದಲ್ಲಿ ಮೊದಲ ಚಾನೆಲ್ ಬೆಳಕಿನದೇ ಆದ್ದರಿಂದ ಚಿತ್ರದ ಗೆರೆ, ಅಂಚು, ಮುಖದ ಆಕಾರ ಎಲ್ಲ ಸರಿಯಾಗಿರುತ್ತದೆ. ಉಳಿದ ಎರಡು ಬಣ್ಣದ ಚಾನೆಲ್‌ಗಳ ಅರ್ಥ ಬೇರೆಯಾಗಿರುವುದರಿಂದ ಬಣ್ಣ ಮಾತ್ರ ಅದಲುಬದಲಾಗುತ್ತದೆ. ನಿಮ್ಮ ಕ್ಲಿಪ್ ಮತ್ತೆ ಹಾಕಿ ನೋಡಿ: ಚಿತ್ರ ಎಲ್ಲೂ ಒಡೆದಿರುವುದಿಲ್ಲ, ಚೌಕ ಚೌಕವಾಗಿ ಕದಡಿರುವುದಿಲ್ಲ. ಫೈಲ್ ಹಾಳಾಗಿಲ್ಲ ಅನ್ನುವುದಕ್ಕೆ ಅದೇ ಗುರುತು.

ಆದರೆ ಫೈರ್ ಸ್ಟಿಕ್ 4ಕೆ ಡಾಲ್ಬಿ ವಿಷನ್ ಬೆಂಬಲಿಸುತ್ತದೆ ಅಂತ ಅದರ ಪೆಟ್ಟಿಗೆ ಮೇಲೇ ಬರೆದಿದೆಯಲ್ಲ ಅಂತ ಕೇಳಿದ್ದೀರಿ. ಬೆಂಬಲಿಸುತ್ತದೆ, ನಿಜ. ಆದರೆ ಸ್ಟಿಕ್ ಒಂದಕ್ಕೇ ಗೊತ್ತಿದ್ದರೆ ಸಾಲದು, ಟಿವಿಯೂ ಒಪ್ಪಬೇಕು. ಎಚ್‌ಡಿಎಂಐ ಜೋಡಿಸಿದ ಕೂಡಲೇ ಟಿವಿ ತನಗೆ ಏನೇನು ತೋರಿಸಲು ಬರುತ್ತದೆ ಅಂತ ಸ್ಟಿಕ್‌ಗೆ ಹೇಳುತ್ತದೆ. ಸ್ಯಾಮ್‌ಸಂಗ್ ಟಿವಿಗಳು ಎಚ್‌ಡಿಆರ್10, ಎಚ್‌ಡಿಆರ್10 ಪ್ಲಸ್, ಎಚ್‌ಎಲ್‌ಜಿ ಎಂಬ ಎಚ್‌ಡಿಆರ್ ಬಗೆಗಳು ಬರುತ್ತವೆ ಅನ್ನುತ್ತವೆ. ಡಾಲ್ಬಿ ವಿಷನ್ ಅನ್ನುವುದಿಲ್ಲ. ಆಗ ಆ್ಯಪ್ ಆ ಫೈಲನ್ನು ಬರೀ ಎಚ್‌ಇವಿಸಿ (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ವಿಡಿಯೊ ಅಂತ ತೆಗೆದುಕೊಂಡು ಬಿಡಿಸುತ್ತದೆ, ಪರದೆ ಹಸಿರಾಗುತ್ತದೆ.

ಓಟಿಟಿಯಲ್ಲಿ ಯಾಕೆ ಈ ಗೋಳಿಲ್ಲ ಅಂದರೆ, ಅವರ ಹತ್ತಿರ ಒಂದೇ ಚಿತ್ರದ ಹಲವು ಪ್ರತಿಗಳಿರುತ್ತವೆ. ಆ್ಯಪ್ ಮೊದಲು ಸ್ಟಿಕ್ ಮತ್ತು ಟಿವಿಯನ್ನು ವಿಚಾರಿಸುತ್ತದೆ, ಡಾಲ್ಬಿ ವಿಷನ್ ಇಲ್ಲ ಅಂತ ಗೊತ್ತಾದರೆ ಎಚ್‌ಡಿಆರ್10 ಪ್ರತಿಯನ್ನು ಕಳಿಸುತ್ತದೆ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರುವುದು ಒಂದೇ ಪ್ರತಿ. ಪ್ರೊಫೈಲ್ 5ರ ಒಳಗೆ ಎಚ್‌ಡಿಆರ್10 ಬದಲಿ ಅನ್ನುವುದು ಇಲ್ಲವೇ ಇಲ್ಲ.

ಇದಕ್ಕೆ ದಾರಿ ಎರಡೇ. ಅದೇ ಕ್ಲಿಪ್‌ನ ಎಚ್‌ಡಿಆರ್10 ಪ್ರತಿ ಅಥವಾ ಪ್ರೊಫೈಲ್ 8.1 ಪ್ರತಿ ಸಿಗುತ್ತದಾ ನೋಡಿ. 8.1ರಲ್ಲಿ ಕೆಳಗೆ ಪೂರ್ತಿ ಎಚ್‌ಡಿಆರ್10 ವಿಡಿಯೊ ಇದ್ದು, ಡಾಲ್ಬಿಯ ಮಾಹಿತಿ ಅದರ ಮೇಲೆ ಸೇರಿರುತ್ತದೆ. ಗೊತ್ತಿಲ್ಲದ ಟಿವಿ ಆ ಮಾಹಿತಿ ಬಿಟ್ಟು ಉಳಿದದ್ದನ್ನು ಚೆನ್ನಾಗಿ ತೋರಿಸುತ್ತದೆ. ಸಿಗದಿದ್ದರೆ ಸರ್ವರ್ ಕಡೆಯಿಂದ ಬದಲಿಸಿ. ಜೆಲ್ಲಿಫಿನ್ ಜೊತೆ ಬರುವ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ಬದಲಿಸುವ ಸಾಧನಕ್ಕೆ ಪ್ರೊಫೈಲ್ 5ರ ಬಣ್ಣ ಗೊತ್ತು. ಗ್ರಾಫಿಕ್ಸ್ ಚಿಪ್‌ನ ನೆರವಿನ ಟೋನ್ ಮ್ಯಾಪಿಂಗ್ (ಎಚ್‌ಡಿಆರ್ ಬೆಳಕು-ಬಣ್ಣವನ್ನು ಮಾಮೂಲಿ ವಿಡಿಯೊಗೆ ಹೊಂದಿಸುವುದು) ಆನ್ ಮಾಡಿದರೆ ಸರಿಯಾದ ಬಣ್ಣದ ಎಸ್‌ಡಿಆರ್, ಅಂದರೆ ಎಚ್‌ಡಿಆರ್ ಇಲ್ಲದ ಮಾಮೂಲಿ ವಿಡಿಯೊ, ಮಾಡಿ ಕಳಿಸುತ್ತದೆ. ಎಚ್‌ಡಿಆರ್ ಹೋಗುತ್ತದೆ, ಹಸಿರೂ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಡೊವಿ ಟೂಲ್ ಅನ್ನುವ ಸಾಧನದಿಂದ 5 ಅನ್ನು 8 ಮಾಡಿಬಿಡಿ ಅಂತ ನಿಮಗೆ ಯಾರೋ ಸಲಹೆ ಕೊಟ್ಟಿದ್ದಾರೆ. ಅದು ಬದಲಿಸುವುದು ಮೆಟಾಡೇಟಾವನ್ನು, ಪಿಕ್ಸೆಲ್‌ಗಳನ್ನಲ್ಲ. ಒಳಗಿನ ಬಣ್ಣ ಐಪಿಟಿಯಲ್ಲೇ ಉಳಿಯುತ್ತದೆ, ಮೇಲಿನ ಚೀಟಿ ಮಾತ್ರ ಸುಳ್ಳಾಗುತ್ತದೆ. ಇದು ಮಾಡಬೇಡಿ.

ಈ ಕ್ಲಿಪ್ ನಿಜಕ್ಕೂ ಹೇಗಿದೆ ಅಂತ ನೋಡಬೇಕಾದರೆ ಲ್ಯಾಪ್‌ಟಾಪ್‌ನಲ್ಲಿ ಎಂಪಿವಿ ಪ್ಲೇಯರ್ ಹಾಕಿ, ವಿಡಿಯೊ ಔಟ್‌ಪುಟ್ ಜಿಪಿಯು-ನೆಕ್ಸ್ಟ್ ಇಟ್ಟು ತೆರೆಯಿರಿ. ಬಣ್ಣ ಸರಿಯಾಗಿ ಬರುತ್ತದೆ.

ಇನ್ನು ಡಿಸ್ಕ್ ಕಾಪಿ. ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀರಿ, ಸಬ್‌ಟೈಟಲ್ ಹಾಕಿದಾಗ ಜಾಸ್ತಿ ಹೀಗಾಗುತ್ತದೆ ಅಂತ. ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಅದೇ.

ಬ್ಲೂ-ರೇ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಪಿಜಿಎಸ್ ಅನ್ನುತ್ತಾರೆ. ಅದನ್ನು ಆ್ಯಪ್ ತಾನೇ ತೋರಿಸಲು ಆಗದಿದ್ದಾಗ ಸರ್ವರ್ ಪ್ರತಿ ಫ್ರೇಮಿನ ಮೇಲೂ ಆ ಚಿತ್ರವನ್ನು ಅಂಟಿಸಬೇಕಾಗುತ್ತದೆ. ಅಂಟಿಸಬೇಕು ಅಂದರೆ ಇಡೀ ವಿಡಿಯೊ ಬಿಚ್ಚಿ ಮತ್ತೆ ಎನ್‌ಕೋಡ್ ಮಾಡಬೇಕು. ಆ ಹೊತ್ತಿನಲ್ಲಿ ಎಚ್‌ಡಿಆರ್ ಎಸ್‌ಡಿಆರ್ ಆಗುತ್ತದೆ. ಟೋನ್ ಮ್ಯಾಪಿಂಗ್ ಆಫ್ ಇದ್ದರೆ ಬೆಳಕನ್ನೂ ಬಣ್ಣವನ್ನೂ ಹೊಂದಿಸದೆ ಹಾಗೇ ಕಳಿಸಿಬಿಡುತ್ತದೆ. ಬೆಳಕಿನ ಮಟ್ಟವನ್ನು ಸಂಖ್ಯೆಯಾಗಿಸುವ ಎಚ್‌ಡಿಆರ್10ರ ಪಿಕ್ಯೂ ಕರ್ವ್ 10,000 ನಿಟ್ಸ್‌ವರೆಗಿನ ಬೆಳಕಿಗಾಗಿ ಮಾಡಿದ್ದು. ಅದನ್ನು ಮಾಮೂಲಿ ಟಿವಿ ಸಿಗ್ನಲ್ ಅಂತ ಓದಿದರೆ ಕಪ್ಪು ಬೂದಿಯಾಗುತ್ತದೆ, ಕೆಂಪು ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೀವು ಕಳಿಸಿದ ಫೋಟೊದಲ್ಲಿ ಇರುವುದು ಸರಿಯಾಗಿ ಇದೇ.

ಪರೀಕ್ಷೆ ಸುಲಭ. ಚಿತ್ರ ಓಡುತ್ತಿರುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆಯಿರಿ. ಡೈರೆಕ್ಟ್ ಪ್ಲೇ (ಫೈಲ್ ಇದ್ದ ಹಾಗೇ ಹೋಗುವುದು) ಅಂತ ಇದೆಯೋ ಟ್ರಾನ್ಸ್‌ಕೋಡ್ (ಸರ್ವರ್ ಬದಲಿಸಿ ಕಳಿಸುವುದು) ಅಂತ ಇದೆಯೋ ನೋಡಿ. ಟ್ರಾನ್ಸ್‌ಕೋಡ್ ಆಗಿದ್ದರೆ ಯಾಕೆ ಅಂತ ಕಾರಣವನ್ನೂ ಅದೇ ತೋರಿಸುತ್ತದೆ. ಸಬ್‌ಟೈಟಲ್ ತೆಗೆದು ಮತ್ತೆ ಹಾಕಿ. ಟಿವಿ ಮೂಲೆಯಲ್ಲಿ ಎಚ್‌ಡಿಆರ್ ಗುರುತು ಬಂದು ಬಣ್ಣ ಮರಳಿದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಪಿಜಿಎಸ್ ಅನ್ನು ಎಸ್‌ಆರ್‌ಟಿ (ಅಕ್ಷರದ ಸಬ್‌ಟೈಟಲ್ ಫೈಲ್) ಮಾಡಿಕೊಳ್ಳಿ. ಚಿತ್ರವನ್ನು ಅಕ್ಷರವಾಗಿ ಓದುವಾಗ ಅಲ್ಲಲ್ಲಿ ತಪ್ಪಾಗುತ್ತದೆ, ಒಂದು ಸಲ ಕಣ್ಣಾಡಿಸಿ ತಿದ್ದಿ. ವಿಡಿಯೊ ಫೈಲಿನ ಹೆಸರನ್ನೇ ಕೊಟ್ಟು ಅದೇ ಫೋಲ್ಡರ್‌ನಲ್ಲಿ ಇಡಿ. ಅಕ್ಷರದ ಸಬ್‌ಟೈಟಲ್ ಆದರೆ ಆ್ಯಪ್ ತಾನೇ ಮೇಲೆ ಬರೆಯುತ್ತದೆ, ವಿಡಿಯೊವನ್ನು ಯಾರೂ ಮುಟ್ಟುವುದಿಲ್ಲ.

ಸಬ್‌ಟೈಟಲ್ ಇಲ್ಲದೆಯೂ ಮಂಕಾಗಿಯೇ ಇದ್ದರೆ ಟಿವಿಯ ಎಚ್‌ಡಿಎಂಐ ಪೋರ್ಟ್ ನೋಡಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್ ಅನ್ನುವ ಸೆಟ್ಟಿಂಗ್ ಇದೆ. ಸ್ಟಿಕ್ ಹಾಕಿರುವ ಪೋರ್ಟ್‌ಗೆ ಅದು ಆನ್ ಇರಬೇಕು. ಎಲ್‌ಜಿಯಲ್ಲಿ ಅದೇ ಡೀಪ್ ಕಲರ್ ಅನ್ನುವ ಹೆಸರಲ್ಲಿ, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್ ಅನ್ನುವ ಹೆಸರಲ್ಲಿ ಇರುತ್ತದೆ. ಆಫ್ ಇದ್ದರೆ ಪೋರ್ಟ್ ಹಳೆಯ ಮಿತಿಯಲ್ಲೇ ಕೆಲಸ ಮಾಡುತ್ತದೆ, 4ಕೆ 60ರಲ್ಲಿ 10 ಬಿಟ್ ಬಣ್ಣ ಅದರಲ್ಲಿ ಹಿಡಿಸುವುದಿಲ್ಲ. ಫೈರ್ ಟಿವಿಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಡೈನಾಮಿಕ್ ರೇಂಜ್ ಅಡಾಪ್ಟಿವ್ ಇಡಿ. ಸದಾ ಎಚ್‌ಡಿಆರ್ ಅಂತ ಇಟ್ಟರೆ ಹಳೆಯ ಎಸ್‌ಡಿಆರ್ ಚಿತ್ರಗಳೂ ಎಚ್‌ಡಿಆರ್ ಆಗಿ ಬಂದು ಮುಖದ ಬಣ್ಣ ಕೆಡುತ್ತದೆ. ಮಧ್ಯದಲ್ಲಿ ಹಳೆಯ ಹೋಮ್ ಥಿಯೇಟರ್ ಇದ್ದರೆ ಅದನ್ನು ಬಿಟ್ಟು ಸ್ಟಿಕ್ಕನ್ನು ನೇರವಾಗಿ ಟಿವಿಗೆ ಹಾಕಿ ಒಮ್ಮೆ ನೋಡಿ.

ಈ ಡಿಸ್ಕ್ ಕಾಪಿಯಲ್ಲಿ ಮೀಡಿಯಾಇನ್ಫೊ 07 ತೋರಿಸಿದರೆ ಗಾಬರಿ ಬೇಡ. ಡಾಲ್ಬಿ ವಿಷನ್ ಇರುವ 4ಕೆ ಡಿಸ್ಕ್‌ಗಳು ಬರುವುದೇ ಪ್ರೊಫೈಲ್ 7ರಲ್ಲಿ. ಕೆಳಗಿನ ಪದರ ಎಚ್‌ಡಿಆರ್10, ಮೇಲೊಂದು ಪದರ ಡಾಲ್ಬಿಯದು. ನಿಮ್ಮ ಟಿವಿ ಕೆಳಗಿನದನ್ನು ತೋರಿಸುತ್ತದೆ, ಅಷ್ಟು ಸಾಕು. ಮುಂದೆ ಡಾಲ್ಬಿ ವಿಷನ್ ಟಿವಿ ಕೊಂಡರೆ ಆಗ ಡೊವಿ ಟೂಲ್‌ನಿಂದ 7 ಅನ್ನು 8.1 ಮಾಡುವುದು ಸರಿಯಾದ ಕೆಲಸ. ಕೆಳಗಿನ ಪದರ ಮೊದಲೇ ಎಚ್‌ಡಿಆರ್10 ಆಗಿರುವುದರಿಂದ ಇಲ್ಲಿ ಬಣ್ಣದ ಮೋಸ ಇಲ್ಲ. ಆದರೂ ಮೂಲ ಫೈಲ್ ಅಳಿಸಬೇಡಿ. ಕೆಲವು ಡಿಸ್ಕ್‌ಗಳಲ್ಲಿ ಮೇಲಿನ ಪದರದಲ್ಲಿ ನಿಜವಾದ ಚಿತ್ರದ ಮಾಹಿತಿ ಇರುತ್ತದೆ, ಬದಲಿಸುವಾಗ ಅದು ಹೋಗುತ್ತದೆ. ಎಲ್‌ಜಿ ಟಿವಿ ಇರುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಎಲ್‌ಜಿಯ ಹಲವು ಮಾದರಿಗಳ ಸ್ವಂತ ಪ್ಲೇಯರ್ ಎಂಕೆವಿಯಲ್ಲಿ ಡಾಲ್ಬಿ ವಿಷನ್ ಗುರುತಿಸುವುದಿಲ್ಲ, ಅದೇ 8.1 ವಿಡಿಯೊ ಎಂಪಿ4ನಲ್ಲಿದ್ದರೆ ಗುರುತಿಸುತ್ತದೆ. ಅಲ್ಲಿ ಮಾತ್ರ ಕಂಟೇನರ್ ಬದಲಿಸಿದರೆ ಬಣ್ಣದಲ್ಲೂ ವ್ಯತ್ಯಾಸ ಕಾಣುತ್ತದೆ.

ಪೆನ್‌ಡ್ರೈವ್‌ನಲ್ಲಿ ಧ್ವನಿ ಇಲ್ಲದ್ದು ಡಿಟಿಎಸ್ ಅನ್ನುವ ಬಗೆಯ ಆಡಿಯೊದಿಂದ. 2018ರಿಂದ ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಿಟಿಎಸ್ ಇಲ್ಲ. ಎಲ್‌ಜಿ ಕೂಡ 2020ರಲ್ಲಿ ಬಿಟ್ಟು 2023ರಲ್ಲಿ ಮತ್ತೆ ತಂದಿತು. ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೊವನ್ನು ಕಾಪಿ ಅಂತ ಇಟ್ಟು, ಆಡಿಯೊವನ್ನು ಮಾತ್ರ ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಬದಲಿಸಿ, 5.1ಕ್ಕೆ 640 ಕೆಬಿಪಿಎಸ್ ಸಾಕು. ಹೊಸ ಟ್ರ್ಯಾಕನ್ನು ಡೀಫಾಲ್ಟ್ ಮಾಡಿ, ಡಿಟಿಎಸ್ ಅನ್ನು ಎರಡನೆಯದಾಗಿ ಹಾಗೇ ಬಿಡಿ. ವಿಡಿಯೊ ಮುಟ್ಟದ ಕಾರಣ ಕೆಲಸ ಬೇಗ ಮುಗಿಯುತ್ತದೆ. ಏನೇ ತೊಂದರೆ ಬಂದರೂ ವಿಡಿಯೊವನ್ನೇ ಮತ್ತೆ ಎನ್‌ಕೋಡ್ ಮಾಡಿ ಅನ್ನುವ ಸಲಹೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ರಾತ್ರಿಯಿಡೀ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಚಿತ್ರದ ಗುಣ ಇಳಿಯುತ್ತದೆ, ಬಹಳ ಸಲ ತೊಂದರೆ ಇದ್ದದ್ದು ಬೇರೆ ಕಡೆ.

ಕೊನೆಗೆ ಮದುವೆ ವಿಡಿಯೊ. ಅದನ್ನು ಕಳೆದುಕೊಂಡರೆ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ, ಅದಕ್ಕೇ ಮೊದಲು ಫೋನಿನಿಂದ ಬಂದ ಎಂಒವಿ ಫೈಲನ್ನು ಎರಡು ಕಡೆ ಜೋಪಾನವಾಗಿ ಇಡಿ. 2020ರ ಐಫೋನ್ 12ರಿಂದ ಈಚೆಗೆ ಐಫೋನ್‌ನ ಎಚ್‌ಡಿಆರ್ ವಿಡಿಯೊ ಪ್ರೊಫೈಲ್ 8.4ರಲ್ಲಿ ಬರುತ್ತದೆ. ಅದರ ಕೆಳಗಿನ ಪದರ ಎಚ್‌ಎಲ್‌ಜಿ. ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಟಿವಿ ಪ್ರಸಾರಕ್ಕಾಗಿ ಮಾಡಿದ ಪದ್ಧತಿ ಅದು. ಹಳೆಯ ಎಸ್‌ಡಿಆರ್ ಟಿವಿಯಲ್ಲೂ ನೋಡುವ ಹಾಗಿರಬೇಕು ಅನ್ನುವುದೇ ಅದರ ಉದ್ದೇಶ. ಹಾಗಾಗಿ ನಿಮ್ಮ ಸ್ಯಾಮ್‌ಸಂಗ್‌ನಲ್ಲಿ ಬಣ್ಣದ ತೊಂದರೆ ಬಂದಿಲ್ಲ.

ಐಪ್ಯಾಡ್‌ನಲ್ಲಿ ತೆರೆಯದಿರುವುದು ಮಾತ್ರ ಅಪ್ಪಟ ಕಂಟೇನರ್ ತೊಂದರೆ. ಎಂಪಿ4 ಒಳಗೆ ಎಚ್‌ಇವಿಸಿ ವಿಡಿಯೊಗೆ ಎರಡು ಗುರುತುಗಳಿವೆ, ಎಚ್‌ವಿಸಿ1 ಮತ್ತು ಎಚ್‌ಇವಿ1. ಎಂಕೆವಿಯಿಂದ ಎಂಪಿ4 ಮಾಡುವಾಗ ಎಫ್‌ಎಫ್‌ಎಂಪೆಗ್ ತಾನಾಗಿ ಹಾಕುವುದು ಎಚ್‌ಇವಿ1. ಆಪಲ್ ಸಾಧನಗಳಿಗೆ ಬೇಕಾದದ್ದು ಎಚ್‌ವಿಸಿ1. ವಿಡಿಯೊ ಟ್ಯಾಗ್ ಎಚ್‌ವಿಸಿ1 ಅಂತ ಹೇಳಿ, ಎಲ್ಲವನ್ನೂ ಕಾಪಿಯಲ್ಲೇ ಇಟ್ಟು ಮತ್ತೆ ಮಾಡಿ, ತೆರೆಯುತ್ತದೆ. ಇನ್ನೂ ಒಳ್ಳೆಯದು ಅಂದರೆ ಮೂಲ ಎಂಒವಿಯನ್ನೇ ಅವರಿಗೆ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಅಂತ ಕಳಿಸಬೇಡಿ, ಅದು ಕುಗ್ಗಿಸಿ ಬೇರೆಯದೇ ಫೈಲ್ ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೋನಿನಲ್ಲಿ ಇದ್ದದ್ದೇ ಹೋಗುತ್ತದೆ.

ಸಬ್‌ಟೈಟಲ್ ತೆಗೆದು, ಪೋರ್ಟ್ ಸೆಟ್ಟಿಂಗ್ ಆನ್ ಮಾಡಿದ ಮೇಲೂ ಡಿಸ್ಕ್ ಕಾಪಿ ಮಂಕಾಗಿದ್ದರೆ ಮೀಡಿಯಾಇನ್ಫೊದ ವಿಡಿಯೊ ಭಾಗವನ್ನು ಪೂರ್ತಿ ಇಲ್ಲಿ ಹಾಕಿ, ಜೊತೆಗೆ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ಏನು ಹೇಳಿತು ಅಂತ ಬರೆಯಿರಿ. ನೋಡಿ ಹೇಳುತ್ತೇನೆ.