ಹಗುರ ಡಿಸ್ಕ್ ಮತ್ತು ಬೀದರಿನ ಗಾಳಿ

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಎಸೆದು ಬುಟ್ಟಿಗೆ ಹಾಕುವ ಆಟ) ಕಲಿಸುತ್ತಿದ್ದೇನೆ. ನನ್ನ 175 ಗ್ರಾಂ ಡ್ರೈವರ್ (ದೂರ ಎಸೆಯುವ ಡಿಸ್ಕ್) ಅವಳ ಕೈಬಿಟ್ಟ ಕೂಡಲೇ ಎಡಕ್ಕೆ ವಾಲಿ ನೆಲ ಕಚ್ಚುತ್ತದೆ. ಹಗುರವಾದದ್ದನ್ನು ಕೊಳ್ಳಲೇ?
– ಓದುಗರೊಬ್ಬರು, ಬೀದರ್

ಉತ್ತರ: ಕೊಳ್ಳಿರಿ, ಆದರೆ ಡ್ರೈವರ್ ಬೇಡ. ತನಗೆ ತಕ್ಕ ವೇಗ ದೊರೆಯದ ಡಿಸ್ಕ್ ಬಲಗೈ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ (ತೋಳನ್ನು ಎದೆಯ ಅಡ್ಡಕ್ಕೆ ತಂದು ಹೊರಕ್ಕೆ ಬೀಸುವ ಎಸೆತ) ಬೇಗನೆ ಎಡಕ್ಕೆ ಬೀಳುತ್ತದೆ. 150 ಗ್ರಾಂ ಆಸುಪಾಸಿನ, ಅಂಚು ತುಸು ದಪ್ಪಗಿರುವ ಮಿಡ್‌ರೇಂಜ್ (ಮಧ್ಯಮ ದೂರದ) ಡಿಸ್ಕಿಗಾದರೆ ಎಳೆಯ ತೋಳೂ ಸಾಕಷ್ಟು ವೇಗ ಕೊಡಬಲ್ಲದು. ತೊಡಕಿರುವುದು ಗಾಳಿಯಲ್ಲಿ. ಆಷಾಢದಲ್ಲಿ ನಿಮ್ಮ ಬಯಲಿನ ಗಾಳಿ ಎದುರಿನಿಂದ ಬೀಸಿದರೆ ಇದೇ ಹಗುರ ಡಿಸ್ಕ್ ಬಲಕ್ಕೆ ಮಗುಚಿ ಜಾಲಿ ಕಂಟಿಯೊಳಗೆ ಹೊಕ್ಕೀತು (ಮುಳ್ಳಿನಿಂದ ಬಿಡಿಸುವ ಕೆಲಸ ನಿಮ್ಮದೇ). ಪಟರ್ (ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್) ಮಾತ್ರ 170 ಗ್ರಾಂ ಇರಲಿ. ಬುಟ್ಟಿಯ ಸಮೀಪದಲ್ಲಿ ವೇಗ ಬೇಕಿಲ್ಲ, ಗಾಳಿಗೆ ಅಲುಗದ ಭಾರ ಬೇಕು.