ಏರ್‌ಬ್ಯಾಗ್ ಮಾಡ್ಯೂಲನ್ನು ರಿಸೆಟ್ ಮಾಡಿಸಬಹುದೇ?

ಪ್ರಶ್ನೆ: ಚಿತ್ರದುರ್ಗದ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮ್ಮ ಕಾರು ಲಾರಿಯ ಹಿಂಬದಿಗೆ ಗುದ್ದಿ, ಮುಂದಿನ ಎರಡೂ ಏರ್‌ಬ್ಯಾಗ್‌ಗಳು ತೆರೆದುಕೊಂಡವು. ಹಳೆಯ ಕಂಟ್ರೋಲ್ ಮಾಡ್ಯೂಲನ್ನೇ (ಏರ್‌ಬ್ಯಾಗ್ ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ರಿಸೆಟ್ ಮಾಡಿಕೊಡುವುದಾಗಿ ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಏರ್‌ಬ್ಯಾಗ್ ತೆರೆದ ಕ್ಷಣದಲ್ಲಿ ಮಾಡ್ಯೂಲ್ ಅಪಘಾತದ ವಿವರವನ್ನು ತನ್ನ ಮೆಮೊರಿಯಲ್ಲಿ ದಾಖಲಿಸಿಕೊಳ್ಳುತ್ತದೆ, ಈ ದಾಖಲೆಯು ಗ್ಯಾರೇಜಿನ ಸಾಮಾನ್ಯ ಸ್ಕ್ಯಾನರ್‌ನಿಂದಾಗಲಿ, ಬ್ಯಾಟರಿ ತೆಗೆದು ಹಾಕುವುದರಿಂದಾಗಲಿ ಅಳಿಯುವುದಿಲ್ಲ. ರಿಸೆಟ್ ಮಾಡುವವರು ಮೆಮೊರಿ ಚಿಪ್‌ನಲ್ಲಿರುವ ಆ ದತ್ತಾಂಶವನ್ನು ವಿಶೇಷ ಉಪಕರಣದಿಂದ ಅಳಿಸಿ, ಮೊದಲಿನ ಸ್ಥಿತಿಯ ದತ್ತಾಂಶವನ್ನು ಬರೆಯುತ್ತಾರೆ. ತಾಂತ್ರಿಕವಾಗಿ ಇದು ಸಾಧ್ಯವಾದರೂ, ಡಿಕ್ಕಿಯ ಹೊಡೆತಕ್ಕೆ ಒಳಗಿನ ಸೆನ್ಸರ್‌ಗೆ ಅಥವಾ ಬೆಸುಗೆಗೆ ಪೆಟ್ಟು ಬಿದ್ದಿದ್ದರೆ ಅದನ್ನು ಸರಿಪಡಿಸಿದಂತಾಗುವುದಿಲ್ಲ. ಆದ್ದರಿಂದಲೇ ಹೆಚ್ಚಿನ ತಯಾರಕರು ಹೊಸ ಮಾಡ್ಯೂಲನ್ನೇ ಸೂಚಿಸುತ್ತಾರೆ; ನನ್ನ ಸಲಹೆಯೂ ಅದೇ. ವಿಮೆಯಿದ್ದರೆ, ಕೆಲಸ ಆರಂಭಿಸುವ ಮೊದಲೇ ಸರ್ವೇಯರ್‌ಗೆ ತೋರಿಸಿ.

ಮಾಡ್ಯೂಲ್ ಒಂದನ್ನೇ ಬದಲಿಸಿದರೂ ಸಾಲದು. ತೆರೆದ ಏರ್‌ಬ್ಯಾಗ್‌ಗಳು, ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಥಟ್ಟನೆ ಎಳೆದು ಬಿಗಿದ ಸೀಟ್‌ಬೆಲ್ಟ್ ಪ್ರಿಟೆನ್ಷನರ್‌ಗಳು ಮತ್ತೆ ಬಳಕೆಗೆ ಬಾರವು. ಮುಂಭಾಗದ ಸೆನ್ಸರ್‌ಗಳನ್ನೂ ಸ್ಟಿಯರಿಂಗ್‌ನ ಕ್ಲಾಕ್ ಸ್ಪ್ರಿಂಗನ್ನೂ (ಸ್ಟಿಯರಿಂಗ್ ತಿರುಗಿದರೂ ಅದರೊಳಗಿನ ಏರ್‌ಬ್ಯಾಗ್‌ಗೆ ವಿದ್ಯುತ್ ಸಂಪರ್ಕ ತಪ್ಪದಂತೆ ನೋಡುವ ಸುರುಳಿ ತಂತಿ) ಪರೀಕ್ಷಿಸಬೇಕು. ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ ಒಂದು ರೆಸಿಸ್ಟರ್ (ಏರ್‌ಬ್ಯಾಗ್ ಇದೆಯೆಂದು ಮಾಡ್ಯೂಲನ್ನು ನಂಬಿಸುವ ಪುಟ್ಟ ವಿದ್ಯುತ್ ಬಿಡಿಭಾಗ) ಜೋಡಿಸಿ ಎಚ್ಚರಿಕೆಯ ದೀಪವನ್ನು ಆರಿಸುವ ಚಾಳಿಯೂ ಇದೆ, ಇದು ರಿಪೇರಿಯಲ್ಲ, ವಂಚನೆ. ಕೀಲಿ ತಿರುಗಿಸಿದಾಗ ಆ ದೀಪ ಕೆಲವು ಸೆಕೆಂಡು ಬೆಳಗಿ ಆರಬೇಕು. ಬೆಳಗುವುದೇ ಇಲ್ಲವೆಂದರೆ ಅನುಮಾನಿಸಿ. ಬೆಳಗಿ ಆರಿದ ಮಾತ್ರಕ್ಕೆ ಒಳಗೆ ಏರ್‌ಬ್ಯಾಗ್ ಇದೆಯೆಂದು ನಂಬದೆ, ಹೊಸ ಭಾಗಗಳ ಬಿಲ್ಲನ್ನು ಕೇಳಿ ಪಡೆಯಿರಿ.