ಎಂಟು ಗಂಟೆಯವರೆಗೆ ಬಂದ ನಿದ್ರೆ

ಕಳೆದ ಎರಡು ವರ್ಷಗಳಲ್ಲಿ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಐದು ಜನ ಒಂದೇ ತಪ್ಪೊಪ್ಪಿಗೆ ಮಾಡಿದ್ದಾರೆ. ಒಬ್ಬರು ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆಯನ್ನು ನೋಡಿಕೊಂಡವರು. ಇಬ್ಬರು ವಾರಕ್ಕೆ ಮೂರು ಸಲ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದವರು. ಒಬ್ಬ ಹುಡುಗ ಮರೆವಿನ ಕಾಯಿಲೆಯ ಅಜ್ಜನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು. ಐದನೆಯವರು ಒಂದು ಬೆಕ್ಕನ್ನು ನೋಡಿಕೊಂಡಿದ್ದರು. ಬರೆಯಲು ಐದನೆಯ ಪ್ರಕರಣವನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿ.

ಹೆಸರು, ಕೆಲಸ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬೆಕ್ಕಿನ ಹೆಸರನ್ನೂ ಬದಲಿಸಿ ಎಂದು ಅವರೇ ಕೇಳಿಕೊಂಡರು. ಬೆಂಗಳೂರಿನಲ್ಲಿ ಬೀದಿ ಪ್ರಾಣಿಗಳ ಸೇವೆ ಮಾಡುವವರ ವಲಯ ಚಿಕ್ಕದು. ಅಲ್ಲಿ ಮನುಷ್ಯರನ್ನು ಗುರುತಿಸುವುದೇ ಪ್ರಾಣಿಗಳ ಹೆಸರಿನಿಂದ. 'ಸುಬ್ಬಿಯ ಅಕ್ಕ' ಎಂದರೆ ಸಾಕು, ಯಾರೆಂದು ಹತ್ತು ಜನರಿಗೆ ತಿಳಿದುಬಿಡುತ್ತದೆ.

ಅವರನ್ನು ಶಾರದಾ ಎಂದು ಕರೆಯೋಣ. ನಲವತ್ತೈದು ದಾಟಿದ ವಯಸ್ಸು, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ಮನೆಯಲ್ಲಿ ತಾಯಿ ಮತ್ತು ತಾವು ಇಬ್ಬರೇ. ನಗರದ ದಕ್ಷಿಣದ ಅಂಚಿನ ಒಂದು ಆಶ್ರಯಧಾಮಕ್ಕೆ ದಿನವೂ ಬೆಳಗ್ಗೆ ಸ್ಕೂಟರಿನಲ್ಲಿ ಹೋಗಿ ಬಂದು ಆಮೇಲೆ ಬ್ಯಾಂಕಿಗೆ ಹೊರಡುತ್ತಿದ್ದರು. ದುಃಖ ತಾಳಲಾರೆ ಎಂದು ಹೇಳಿಕೊಂಡು ಅವರು ಬರಲಿಲ್ಲ. "ನಾಲ್ಕು ಸಾಲು ಬರೆಯಲು ಆಗುತ್ತಿಲ್ಲ" ಎಂದು ಬಂದರು. ಆಶ್ರಯಧಾಮದ ಗೋಡೆಯ ಮೇಲೆ ತೀರಿಕೊಂಡ ಪ್ರಾಣಿಗಳ ಫೋಟೋ ಹಾಕಿ ಕೆಳಗೆ ಒಂದಿಷ್ಟು ನೆನಪು ಬರೆಯುವ ಪದ್ಧತಿಯಂತೆ. ಸುಬ್ಬಿಯ ಬಗ್ಗೆ ಶಾರದಾ ಅವರೇ ಬರೆಯಬೇಕು ಎಂದು ಎಲ್ಲರೂ ಹೇಳಿದ್ದರು. ಎರಡು ತಿಂಗಳಾಗಿತ್ತು. ಫೋಟೋ ಇತ್ತು, ಕೆಳಗಿನ ಜಾಗ ಖಾಲಿ ಇತ್ತು. ಬೇರೆಯವರು ಬರೆದುಕೊಟ್ಟ ಒಂದು ಕರಡನ್ನು ತೋರಿಸಿದರು. ಅದರಲ್ಲಿ 'ವೀರ ಹೋರಾಟಗಾರ್ತಿ' ಎಂಬ ಮಾತಿತ್ತು. "ಇದನ್ನು ಓದಿದರೆ ಮೈ ಉರಿಯುತ್ತದೆ" ಎಂದರು. ಏಕೆ ಎಂದು ಕೇಳಿದರೆ ಗೊತ್ತಿಲ್ಲ ಎಂದರು.

ಮೊದಲ ದಿನ ನಾನು ಸುಬ್ಬಿಯನ್ನು 'ಅದು' ಎಂದೆ. ಅವರು ತಿದ್ದಲಿಲ್ಲ. ಮುಂದಿನ ಐದು ನಿಮಿಷದಲ್ಲಿ ಆರು ಸಲ 'ಅವಳು' ಎಂದರು. ನಾನೇ ತಿದ್ದಿಕೊಂಡೆ.

ಕಾಯಿಲೆಯ ವಿಷಯವನ್ನು ಅವರು ನನಗೆ ಪಾಠದಂತೆ ಹೇಳಿದರು. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಬಹಳ ಸಾಮಾನ್ಯ. ಸುಮಾರು ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿ ಕಣ್ಣಿಗೆ ಬೀಳುತ್ತದೆ. ಬೆಕ್ಕು ಬಟ್ಟಲು ಬಟ್ಟಲು ನೀರು ಕುಡಿಯುತ್ತದೆ, ಅಷ್ಟೇ ಮೂತ್ರ ಮಾಡುತ್ತದೆ, ಮೈ ಇಳಿಯುತ್ತದೆ. ಗುಣವಾಗುವ ಕಾಯಿಲೆಯಲ್ಲ, ಆದರೆ ಆರೈಕೆಯಿದ್ದರೆ ವರ್ಷಗಟ್ಟಲೆ ಬದುಕಬಹುದು. ಆರೈಕೆ ಎಂದರೆ ರಂಜಕ ಕಡಿಮೆ ಇರುವ ಆಹಾರ, ವಾಂತಿ ಬಾರದಂತೆ ಮಾತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಚರ್ಮದ ಕೆಳಗೆ ಕೊಡುವ ಸಲೈನ್. ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ಕಿಟಕಿಯ ಸರಳಿಗೆ ನೇತುಹಾಕಿ, ಹೆಗಲ ನಡುವಿನ ಸಡಿಲ ಚರ್ಮವನ್ನು ಎತ್ತಿ ಸೂಜಿ ಚುಚ್ಚಬೇಕು. ನೂರು ಮಿಲಿಲೀಟರ್ ಇಳಿಯುವಷ್ಟರಲ್ಲಿ ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಏಳುತ್ತದೆ. ಆಮೇಲೆ ಅದು ಒಂದು ಕಡೆಯ ಮುಂಗಾಲಿಗೆ ಜಾರಿ, ಕೆಲವು ಗಂಟೆಗಳಲ್ಲಿ ಮೈಯೊಳಗೆ ಇಂಗುತ್ತದೆ. ಮೊದಲು ದಿನ ಬಿಟ್ಟು ದಿನ ಇದ್ದದ್ದು, ಕೊನೆಯ ಒಂದೂವರೆ ವರ್ಷ ಪ್ರತಿದಿನವಾಯಿತು. ಒಟ್ಟು ಮೂರು ವರ್ಷ. ಸೂಜಿ ಚುಚ್ಚುತ್ತಿದ್ದದ್ದು ಶಾರದಾ.

ಕೊನೆಗೆ ಸುಬ್ಬಿ ಊಟದ ತಟ್ಟೆಯ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಹಿಂದಿರುಗತೊಡಗಿದಳು. ಪಶುವೈದ್ಯರು ಇನ್ನು ಬೇಡ ಎಂದರು. ಮೊದಲು ಮಂಪರು, ಆಮೇಲೆ ಕೊನೆಯ ಚುಚ್ಚುಮದ್ದು. ಮಲಗಿದ್ದದ್ದು ಶಾರದಾ ಅವರ ತೊಡೆಯ ಮೇಲೆ, ಕಾಗದಕ್ಕೆ ಸಹಿ ಹಾಕಿದ್ದೂ ಅವರೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿಯೂ ಇಂಥ ಸಂದರ್ಭಕ್ಕೆ ಅವಕಾಶವಿದೆ ಎಂದು ವೈದ್ಯರು ಸಮಾಧಾನ ಹೇಳಿದ್ದರಂತೆ. ಕಾಯ್ದೆ ಓದಿ ಪಾಪಭೀತಿ ಕಳೆದುಕೊಂಡವರನ್ನು ನಾನಂತೂ ಕಂಡಿಲ್ಲ.

ಮನೆಗೆ ಬಂದು ಹೇಳಿದಾಗ ತಾಯಿ ಎರಡು ಮಾತು ಆಡಿದರು. ಒಂದು, "ಅದು ನಿನ್ನದೇ ಬೆಕ್ಕೂ ಅಲ್ಲವಲ್ಲ." ಇನ್ನೊಂದು ನಮ್ಮಲ್ಲಿ ಅನೇಕರು ಅಜ್ಜಿಯರ ಬಾಯಲ್ಲಿ ಕೇಳಿರುವ ಮಾತು: ಬೆಕ್ಕು ಕೊಂದ ಪಾಪ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಹೋಗುವುದಿಲ್ಲ. ಆಕೆ ಕೆಟ್ಟವರಲ್ಲ. ಮಗಳು ಸೂಜಿ ತೆಗೆದುಕೊಂಡು ಮಳೆಯಲ್ಲಿ ಹೊರಟಾಗ ರೇನ್‌ಕೋಟ್ ಹಿಡಿದು ಗೇಟಿನವರೆಗೆ ಬರುತ್ತಿದ್ದವರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹಳೆಯ ಮಾತು.

ನಮ್ಮಲ್ಲಿ ಸೂತಕಕ್ಕೂ ಲೆಕ್ಕವಿದೆ. ದಾಯಾದಿಗಳಿಗೆ ಹತ್ತು ದಿನ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಮೂರು ದಿನ, ದೂರದವರಿಗೆ ಸ್ನಾನ ಮಾಡಿದರೆ ಮುಗಿಯಿತು. ಯಾರಿಗೆ ಎಷ್ಟು ಅಳುವ ಹಕ್ಕು ಎಂಬುದನ್ನೂ ಈ ಲೆಕ್ಕ ಸದ್ದಿಲ್ಲದೆ ನಿಗದಿ ಮಾಡುತ್ತದೆ. ಸಮಾಜ ಮಾನ್ಯ ಮಾಡದ ಇಂಥ ಶೋಕಕ್ಕೆ 1980ರ ದಶಕದಲ್ಲಿ ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು ಶಾಸ್ತ್ರೀಯವಾಗಿ ಒಂದು ಹೆಸರು ಕೊಟ್ಟರು. ನಾನು ಅದನ್ನು 'ಹಕ್ಕಿಲ್ಲದ ದುಃಖ' ಎನ್ನುತ್ತೇನೆ. ಆಶ್ರಯಧಾಮದ ಬೆಕ್ಕಿಗೆ ಅತ್ತರೆ ಆ ಹಕ್ಕು ಎರಡು ಪಟ್ಟು ಇಲ್ಲವಾಗುತ್ತದೆ. ಮೊದಲನೆಯದಾಗಿ ಅದು ಬೆಕ್ಕು, ಎರಡನೆಯದಾಗಿ ಅದು ಎಲ್ಲರ ಬೆಕ್ಕು.

ಇಷ್ಟು ತಿಳಿದಿದ್ದ ನಾನು ಎರಡನೆಯ ಭೇಟಿಯಲ್ಲಿ ಪ್ರಕರಣ ಅರ್ಥವಾಯಿತು ಎಂದುಕೊಂಡೆ. "ನೀವು ಅವಳನ್ನು ನೋವಿನಿಂದ ಬಿಡಿಸಿದಿರಿ. ಮಾಡಬೇಕಾದದ್ದನ್ನೆಲ್ಲ ಮಾಡಿದ್ದೀರಿ" ಎಂದೆ. ಇಪ್ಪತ್ತು ವರ್ಷದ ಅನುಭವದ ಮೇಲೆ ಆಡಿದ ಮಾತು. ಶಾರದಾ ತಲೆಯಾಡಿಸಿ, ಶುಲ್ಕ ಕೊಟ್ಟು, ಚೀಲ ಎತ್ತಿಕೊಂಡು ಹೋದರು. ಮುಂದಿನ ವಾರ ಬರಲಿಲ್ಲ. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ. ಕೊಂದೆನೇ ಎಂಬುದು ಅವರ ತಾಯಿಯ ಪ್ರಶ್ನೆ, ಅವರದಾಗಿರಲಿಲ್ಲ.

ಮತ್ತೆ ಬಂದಾಗ ಅವರ ಕೈಯಲ್ಲಿ ಉದ್ದನೆಯ ರಟ್ಟಿನ ಪುಸ್ತಕವಿತ್ತು, ಅಂಗಡಿಯವರು ಲೆಕ್ಕ ಬರೆಯುವಂಥದ್ದು. ಸುಬ್ಬಿಯ ಮೂರು ವರ್ಷ ಅದರಲ್ಲಿತ್ತು. ಬರೆಯಲು ಏನೂ ನೆನಪಾಗುತ್ತಿಲ್ಲ, ಇದನ್ನಾದರೂ ನೋಡಿ ಎಂದು ತಂದಿದ್ದರು. "ಅವಳ ಪ್ರತಿ ತಿಂಗಳ ತೂಕ ನನಗೆ ಬಾಯಿಪಾಠ ಮೇಡಂ. ಅವಳ ಕೂಗು ಹೇಗಿತ್ತು ಎಂಬುದು ಹೋಗಿಬಿಟ್ಟಿದೆ."

ಓದಿ ಎಂದೆ. ಕೌಂಟರಿನಲ್ಲಿ ನೋಟು ಎಣಿಸುವ ದನಿಯಲ್ಲಿ ಓದಿದರು. ತಾರೀಖು, ತೂಕ, ಎಷ್ಟು ಮಿಲಿಲೀಟರ್, ಉಂಡಳೇ ಇಲ್ಲವೇ. 3.6 ಕಿಲೋದಿಂದ ಶುರುವಾಗಿತ್ತು. ಅರ್ಧ ಗಂಟೆ ಓದಿರಬೇಕು. ನಡುವೆ ಒಂದೆಡೆ ನಿಂತರು. ಅಂಚಿನಲ್ಲಿ ಸಣ್ಣಕ್ಷರದಲ್ಲಿ 'ಕಚ್ಚಿದಳು' ಎಂದಿತ್ತು.

"ಜೋರಾಗಿ ಕಚ್ಚಿದಳೇ?"

"ಹೆಬ್ಬೆರಳಿಗೆ. ರಕ್ತ ಬಂತು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕಾಯಿತು. ಅವತ್ತು ನನಗೆ ಖುಷಿಯಾಗಿತ್ತು. ಹತ್ತು ದಿನ ಸೊರಗಿ ಬಿದ್ದಿದ್ದವಳು, ಕಚ್ಚುವಷ್ಟು ಚೇತರಿಸಿಕೊಂಡಿದ್ದಳು." ಆಮೇಲೆ ತಾವಾಗಿಯೇ ಹೇಳಿದರು, ಇಷ್ಟವಿಲ್ಲದ ದಿನ ಅವಳು ಮೊದಲೇ ಹೇಳುತ್ತಿದ್ದಳಂತೆ, ಗಂಟಲಿನಲ್ಲಿ, ತುಕ್ಕು ಹಿಡಿದ ಬಾಗಿಲನ್ನು ತಳ್ಳಿದ ಹಾಗೆ. ಆ ಸದ್ದನ್ನು ಮಾಡಿ ತೋರಿಸಿದರು. ಕೂಗು ನೆನಪಾಯಿತು ಎಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ.

ಕೊನೆಯ ಪುಟಕ್ಕೆ ಬಂದರು. 1.9 ಕಿಲೋ. ಅಷ್ಟೇ ಬರೆದಿತ್ತು. ಮುಂದಿನ ಹಾಳೆ ಖಾಲಿ.

"ಮರುದಿನ?" ಎಂದೆ. ಏಕೆ ಕೇಳಿದೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ಬಹಳ ಹೊತ್ತು ಪುಸ್ತಕದ ರಟ್ಟನ್ನು ಸವರುತ್ತಾ ಕುಳಿತರು. "ಐದು ಗಂಟೆಗೆ ಅಭ್ಯಾಸದಂತೆ ಎಚ್ಚರವಾಯಿತು. ಹೊರಗೆ ಮಳೆ. ಇವತ್ತು ಹೋಗಬೇಕಾಗಿಲ್ಲ ಎಂದುಕೊಂಡು ಹೊದಿಕೆ ಎಳೆದುಕೊಂಡೆ. ಎಂಟು ಗಂಟೆಯವರೆಗೆ ನಿದ್ರೆ ಬಂತು ಮೇಡಂ. ಒಳ್ಳೆಯ ನಿದ್ರೆ. ಹಿಂದಿನ ಸಂಜೆ ಅವಳನ್ನು ಮಣ್ಣು ಮಾಡಿ ಬಂದವಳು ನಾನು. ಇದನ್ನು ಯಾರಿಗೆ ಹೇಳಲಿ? ಎಲ್ಲರೂ ಬಂದು, ನಿಮ್ಮಂಥ ಪ್ರೀತಿ ಯಾರಿಗಿದೆ ಎನ್ನುತ್ತಾರೆ."

ಉಳಿದ ನಾಲ್ವರೂ ಹೇಳಿದ್ದು ಇದನ್ನೇ. ಒಬ್ಬಾಕೆಗೆ ಅದು ನಿದ್ರೆಯಾಗಿರಲಿಲ್ಲ, ಮೆಜೆಸ್ಟಿಕ್‌ನಲ್ಲಿ ಗಡಿಯಾರ ನೋಡದೆ ನಿಂತು ಕುಡಿದ ಒಂದು ಕಾಫಿ. ಬಿಡುಗಡೆ ಅನ್ನಿಸಿದ ಆ ಗಳಿಗೆಯನ್ನು ಇವರು ಕಳ್ಳಮಾಲಿನಂತೆ ಬಚ್ಚಿಟ್ಟುಕೊಳ್ಳುತ್ತಾರೆ. ಯಾರಾದರೂ ಹೊಗಳಿದರೆ ಅದು ಒಳಗೆ ಚುಚ್ಚುತ್ತದೆ. 'ವೀರ ಹೋರಾಟಗಾರ್ತಿ' ಎಂಬ ಮಾತು ಮೈ ಉರಿಸಿದ್ದು ಅದಕ್ಕೇ. ಸುಬ್ಬಿ ಹೋರಾಡಿದ್ದೇ ನಿಜವಾದರೆ, ಅವಳು ಸೋತ ಮರುದಿನ ಸುಖವಾಗಿ ಮಲಗಿದವರು ಯಾರು?

ಅದು ಸಹಜ ಎಂದು ನಾನು ಹೇಳಲಿಲ್ಲ. ಒಮ್ಮೆ ಪೆಟ್ಟು ತಿಂದಿದ್ದೆ. "ಹಾಗೆ ಎಂಟರವರೆಗೆ ಮಲಗಿ ಎಷ್ಟು ದಿನವಾಗಿತ್ತು?" ಎಂದು ಕೇಳಿದೆ. ಅವರು ಬ್ಯಾಂಕಿನವರು, ಲೆಕ್ಕ ಹಾಕಿದರು. ಜ್ವರ ಬಂದ ಎರಡು ದಿನ ಬಿಟ್ಟರೆ ಮೂರು ವರ್ಷ. "ಹಾಗಾದರೆ ಆ ನಿದ್ರೆಗೆ ಸುಬ್ಬಿ ಸತ್ತದ್ದಕ್ಕಿಂತ ಹಳೆಯ ಕಾರಣವಿದೆ" ಎಂದೆ. ಆಗ ಅತ್ತರು.

ನನ್ನ ಮಾವನವರು ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅತ್ತೆ ಎಲೆಗೆ ಎರಡನೆಯ ಸಲ ಒಬ್ಬಟ್ಟು ಹಾಕಿಸಿಕೊಂಡರು. ಪಂಕ್ತಿಯಲ್ಲಿ ಕುಳಿತ ಬಂಧುಗಳ ಕಣ್ಣು ಹೇಗೆ ಆ ಎಲೆಯ ಕಡೆ ತಿರುಗಿತು ಎಂಬುದು ನನಗೆ ಮರೆಯುವುದಿಲ್ಲ. ಎರಡು ವರ್ಷ ಆಕೆ ಕುಳಿತು ಬಿಸಿಯಾಗಿ ಉಂಡದ್ದನ್ನು ಯಾರೂ ನೋಡಿರಲಿಲ್ಲ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂದು ಓದುಗರಿಗೆ ತಿಳಿದಿರಲಿ.

ಇನ್ನು ಕೊಟ್ಟ ಸಲಹೆ. ನೆನಪನ್ನು ಬರೆಯುವುದಾದರೆ ಕಾಯಿಲೆಯಿಂದ ಶುರು ಮಾಡಬೇಡಿ, ಕಚ್ಚಿದ್ದರಿಂದ ಶುರು ಮಾಡಿ ಎಂದೆ. ದೀರ್ಘ ಕಾಯಿಲೆ ಮನುಷ್ಯರನ್ನೂ ಪ್ರಾಣಿಗಳನ್ನೂ ಒಂದು ಫೈಲ್ ಮಾಡಿಬಿಡುತ್ತದೆ. ಸತ್ತ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಆ ಫೈಲ್. ಸಂತನಂತೆ ಸಹಿಸಿಕೊಂಡಿತು ಎಂದು ಬರೆದರೆ ಆ ಜೀವದ ಹಟ, ಸಿಡುಕು, ಕಳ್ಳತನ ಎಲ್ಲ ಅಳಿಸಿಹೋಗುತ್ತವೆ.

ಬಂಗಾರದ ಬೆಕ್ಕಿನ ವಿಷಯಕ್ಕೆ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ತಾಯಿಯ ಸಮಾಧಾನಕ್ಕಾಗಿ ಚಿಕ್ಕಪೇಟೆಯಲ್ಲಿ ಬೆಳ್ಳಿಯದೊಂದು ಸಣ್ಣ ಬೆಕ್ಕು ಮಾಡಿಸಿ ದಾನ ಕೊಡಲೇ ಎಂದು ಶಾರದಾ ಕೇಳಿದ್ದರು. ಕೊಟ್ಟುಬಿಡಲಿ, ಆಚರಣೆಗೆ ಶಕ್ತಿಯಿದೆ ಎಂಬುದು ಸಹೋದ್ಯೋಗಿಯ ವಾದ. ಆಚರಣೆಯ ಶಕ್ತಿಯನ್ನು ನಾನೂ ನಂಬುತ್ತೇನೆ. ಆದರೆ ಇದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತ ಮಾಡಿಕೊಂಡರೆ ಆರೋಪವನ್ನು ಒಪ್ಪಿಕೊಂಡಂತೆ. ಮೂರು ತಿಂಗಳು ಮುಂದೂಡಿ, ಆಮೇಲೂ ಬೇಕೆನಿಸಿದರೆ ಕೊಡಿ, ನಾನು ಪುರೋಹಿತಳಲ್ಲ ಎಂದೆ. ಸಾಕುಪ್ರಾಣಿಯ ಮಾತಿಗೆ ಇಷ್ಟು ಬಿಗುವೇಕೆ ಎನ್ನುವವರಿಗೆ ಒಂದು ಮಾತು. ಗುಣವಾಗದ ರೋಗಿಗೆ ಯಂತ್ರದ ಆಸರೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಅಪ್ಪನ ವಿಷಯದಲ್ಲಿ, ಗಂಡನ ವಿಷಯದಲ್ಲಿ ಒಪ್ಪಿಗೆಯ ಸಹಿ ಹಾಕಿದವರು ಇನ್ನು ಹೆಚ್ಚು ಹೆಚ್ಚಾಗಿ ನಮ್ಮ ಬಾಗಿಲಿಗೆ ಬರುತ್ತಾರೆ. ಅವರಿಗೂ ಒಂದೊಂದು ಬಂಗಾರದ ಬೆಕ್ಕನ್ನು ಮಾಡಿಸಲು ಹೇಳೋಣವೇ?

ಶಾರದಾ ಅವರಿಗೆ ಕಹಿಯಾದದ್ದು ಮೂರನೆಯ ಸಲಹೆ: ಎರಡು ತಿಂಗಳು ಆಶ್ರಯಧಾಮದಲ್ಲಿ ಸೂಜಿ ಮುಟ್ಟಬಾರದು. ಹೋಗಿ, ಕಸ ಗುಡಿಸಿ, ಮಡಿಲಲ್ಲಿ ಬೆಕ್ಕು ಇಟ್ಟುಕೊಂಡು ಕುಳಿತುಕೊಳ್ಳಿ, ಸಲೈನ್ ಮಾತ್ರ ಬೇರೆಯವರು ಕೊಡಲಿ. ಅಲ್ಲಿ ಆಗಲೇ ಇನ್ನೊಂದು ಬೆಕ್ಕಿಗೆ ಅದೇ ಕಾಯಿಲೆ ಕಾಣಿಸಿಕೊಂಡಿತ್ತು, ಎಲ್ಲರೂ ಇವರ ದಾರಿ ನೋಡುತ್ತಿದ್ದರು. ಒಂದು ಸೂಜಿಯಿಂದ ಇನ್ನೊಂದು ಸೂಜಿಗೆ ನೇರವಾಗಿ ದಾಟಿದರೆ ನಡುವಿನ ಖಾಲಿ ಹಾಳೆಯನ್ನು ಓದುವುದೇ ಇಲ್ಲ ಎಂಬ ಭಯ ನನಗಿತ್ತು. ಅವರು ಸಿಟ್ಟಾದರು. ನಾನು ಬಿಡಲಿಲ್ಲ.

ಇಂಥ ಶೋಕದಲ್ಲಿರುವವರು ವಾರಗಟ್ಟಲೆ ಊಟ, ನಿದ್ರೆ ಬಿಟ್ಟಿದ್ದರೆ, ಬದುಕುವುದೇ ಬೇಡ ಎನ್ನುತ್ತಿದ್ದರೆ, ನನ್ನಂಥವರಿಗಾಗಿ ಕಾಯದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಶಾರದಾ ಆ ಸ್ಥಿತಿಯಲ್ಲಿ ಇರಲಿಲ್ಲ.

ಗೋಡೆಯ ಮೇಲೆ ಈಗ ಬರಹವಿದೆ. ಪೂರ್ತಿ ನನಗೆ ತೋರಿಸಿಲ್ಲ. ಮೊದಲ ಸಾಲು ಹೀಗಿದೆ: 'ಸುಬ್ಬಿ ನನ್ನನ್ನು ಹನ್ನೊಂದು ಸಲ ಕಚ್ಚಿದ್ದಾಳೆ.' ಬೆಳ್ಳಿಯ ಬೆಕ್ಕಿನ ಮಾತನ್ನು ತಾಯಿಯೂ ಎತ್ತಿಲ್ಲ, ಮಗಳೂ ಎತ್ತಿಲ್ಲ. ಅದಕ್ಕೆಂದು ತೆಗೆದಿಟ್ಟ ದುಡ್ಡು ಲಕ್ಷ್ಮಿಯ ಪಟದ ಹಿಂದೆ ಹಾಗೆಯೇ ಇದೆಯಂತೆ.

ಎರಡು ತಿಂಗಳ ಮಾತನ್ನು ಅವರು ನಡೆಸಲಿಲ್ಲ. ಐದನೆಯ ವಾರಕ್ಕೇ ಸೂಜಿ ಹಿಡಿದದ್ದನ್ನು ಕೊನೆಯ ಭೇಟಿಯಲ್ಲಿ ತಲೆ ತಗ್ಗಿಸಿ ಹೇಳಿದರು. ಈಗ ವಾರಕ್ಕೆ ಎರಡೇ ದಿನ, ಭಾನುವಾರ ಖಂಡಿತ ಇಲ್ಲ ಎಂದು ಚೌಕಾಸಿ ಮಾಡಿದರು. ಹೊಸ ರೋಗಿ ಹೇಗಿದ್ದಾನೆ ಎಂದು ಕೇಳಿದೆ.

"ತುಂಬಾ ಸಾಧು ಮೇಡಂ. ಚುಚ್ಚಿದರೂ ಸುಮ್ಮನೆ ಕುಳಿತಿರುತ್ತಾನೆ. ಒಂದು ಸಲವೂ ಕಚ್ಚಿಲ್ಲ" ಎಂದರು. ಸ್ವಲ್ಪ ತಡೆದು, "ಬೇಸರವಾಗುತ್ತದೆ" ಎಂದರು.